ಖಾಲಿ ಲಕೋಟೆಯನ್ನೂ ಹಾಕಿ ಎಂದೆವು

ಉಡುಪಿ ಕಡೆಯ ಒಂದು ಸಿಎಸ್‌ಐ (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟೆಂಟ್ ಚರ್ಚು) ಸಭೆಗೆ ನಾನು ಖಜಾಂಚಿ. ಸುಮಾರು 110 ಮನೆಗಳ ಸಭೆ. ಕೊಡುವವರು ಯಾರು, ಕೇಳುವವರು ಯಾರು ಎಂದು ತಿಳಿಯದಂತೆ ಎಲ್ಲರೂ ಒಂದೇ ತರಹದ ಲಕೋಟೆ ಹಾಕುವ ಪದ್ಧತಿ ನಮ್ಮ ಸಹಾಯ ನಿಧಿಯದ್ದು. 4 ವರ್ಷದ ಹಿಂದೆ ಈ ಯೋಚನೆಯನ್ನು ಕಮಿಟಿಯ ಮುಂದಿಟ್ಟಾಗ ನಕ್ಕವರಲ್ಲಿ ಇಬ್ಬರು ಈಗ ತಮ್ಮ ನೆಂಟರ ಸಭೆಗಳಲ್ಲಿ ಅದನ್ನು ತಾವೇ ಕಂಡುಹಿಡಿದವರಂತೆ ವಿವರಿಸುತ್ತಿದ್ದಾರಂತೆ. ಹಾಗಾಗಿ ನಾನೇ ಬರೆದಿಡುವ ಎನಿಸಿತು. ದಶಮಾಂಶ (ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆ), ಕೃತಜ್ಞತಾ ಕಾಣಿಕೆ, ಡಯಾಸಿಸಿಗೆ (ಬಿಷಪರ ಆಡಳಿತದ ಪ್ರಾಂತಕ್ಕೆ) ಕಟ್ಟುವ ವಂತಿಗೆ ಇವೆಲ್ಲ ಸಭೆಯ ಲೆಕ್ಕ ಬರೆಯುವವರಿಗೆ ಗೊತ್ತಿರುವುದೇ. ಅದನ್ನು ಬಿಟ್ಟು ಸಹಾಯ ನಿಧಿಯ ಮಾತಿಗೆ ಬರುತ್ತೇನೆ.

ನಮ್ಮಲ್ಲಿ ಸಹಾಯ ನಿಧಿ ಮೊದಲೂ ಇತ್ತು. ಎಫ್‌ಡಿಯಲ್ಲಿ ಇತ್ತು. ಎರಡು ಲಕ್ಷದ ಮೇಲೆ ಚಿಲ್ಲರೆ. ಪ್ರತಿ ವರ್ಷ ಮಹಾಸಭೆಯಲ್ಲಿ ಬಡ್ಡಿ ಸೇರಿ ಅದು ಎಷ್ಟಾಯಿತೆಂದು ಓದುವುದು, ಎಲ್ಲರೂ ತಲೆದೂಗುವುದು, ಮತ್ತೆ ರಿನ್ಯೂ ಮಾಡುವುದು. ಹಾಗೆ ತಲೆದೂಗಿದ ಒಂದು ವರ್ಷವೇ ನಮ್ಮ ಸಭೆಯ ಒಬ್ಬ ಹೆಂಗಸು ಗಂಡನ ಆಸ್ಪತ್ರೆ ಬಿಲ್ಲಿಗೆಂದು ಕುತ್ತಿಗೆಯ ಸರ ಅಡವಿಟ್ಟರು. ನಾನಾಗ ಸಹಕಾರಿ ಸೊಸೈಟಿಯಲ್ಲಿ ಕೆಲಸಕ್ಕಿದ್ದೆ. ಚಿನ್ನ ತೂಗಿ ಬಂದ ಕಾಗದಕ್ಕೆ ಸಹಿ ಹಾಕಿದವನು ನಾನೇ. ಬೆಳಿಗ್ಗೆ ಸೊಸೈಟಿಯಲ್ಲಿ ಅವರ ಸರ ಅಡವು ಹಿಡಿದು, ಸಂಜೆ ಕಮಿಟಿಯಲ್ಲಿ ಕೂತು ಅವರಿಗಾಗಿಯೇ ಇದ್ದ ನಿಧಿಯ ಬಡ್ಡಿ ಲೆಕ್ಕ ಹಾಕಿದೆ.

"ಒಂದು ಮಾತು ಕೇಳಬಹುದಿತ್ತಲ್ಲ ಅಕ್ಕ" ಎಂದೆ. "ಅರ್ಜಿ ಕೊಟ್ಟರೆ ಕಮಿಟಿಯಲ್ಲಿ ಓದ್ತೀರಿ, ವರ್ಷದ ಕೊನೆಗೆ ವರದಿಯಲ್ಲೂ ಹಾಕ್ತೀರಿ. ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ ಅಣ್ಣ" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲ ಪ್ರಯತ್ನ ಬಾಗಿಲ ಹತ್ತಿರದ ಪೆಟ್ಟಿಗೆ. ಕೊಡುವವರು ಹಾಕಿ, ಬೇಕಾದವರು ತೆಗೆಯಿರಿ, ಕೇಳುವವರಿಲ್ಲ ಎಂದೆವು. ಮೂಲ ಹಣವಾಗಿ ನಾನೇ ಸಾವಿರದ ಐನೂರು ಇಟ್ಟೆ. ಎರಡನೇ ಭಾನುವಾರ ಪೆಟ್ಟಿಗೆ ಖಾಲಿ. ಅದರಿಂದ ಬೇಸರವಾಗಲಿಲ್ಲ, ತೆಗೆಯಲೆಂದೇ ಇಟ್ಟದ್ದು. ಬೇಸರವಾದದ್ದು ಆಮೇಲೆ. ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಯಾರು ನಿಧಾನ ಮಾಡಿದರು, ಯಾರು ಚಪ್ಪಲಿ ಹುಡುಕುವ ನೆಪದಲ್ಲಿ ನಿಂತರು ಎಂದು ಜನ ಲೆಕ್ಕ ಇಡತೊಡಗಿದರು. ಕಾಲುನೋವಿನ ಒಬ್ಬ ಮುದುಕರು ಹಿಂದಿನ ಬೆಂಚು ಬಿಟ್ಟು ಮುಂದೆ ಬಂದು ಕೂರತೊಡಗಿದ ಮೇಲೆ ಪೆಟ್ಟಿಗೆ ತೆಗೆದೆವು.

ಆಮೇಲೆ ಹಿಡಿ ಅಕ್ಕಿ. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದಿಟ್ಟು ತಿಂಗಳಿಗೊಮ್ಮೆ ತರುವುದು. ಮಿಜೋರಾಮಿನ ಸಭೆಗಳು ಇದರ ಮೇಲೆಯೇ ದೊಡ್ಡ ಸೇವೆ ಕಟ್ಟಿವೆ. ಆದರೆ ಅಲ್ಲಿಯ ಅಕ್ಕಿ ಬೇರೆ, ನಮ್ಮದು ಬೇರೆ. ನಮ್ಮ ಡ್ರಮ್ಮಿಗೆ ಒಂದು ಮನೆಯಿಂದ ಕುಚ್ಚಲಕ್ಕಿ, ಇನ್ನೊಂದರಿಂದ ಬೆಳ್ತಿಗೆ (ಬಿಳಿ ಅಕ್ಕಿ), ಮತ್ತೊಂದರಿಂದ ರೇಷನ್ ಅಕ್ಕಿ ಬಂದು ಬಿತ್ತು. ಎಲ್ಲ ಕಲಸಿದ 40 ಕಿಲೋ ಆಯಿತು. ಬೇಯಿಸಿದರೆ ಬೆಳ್ತಿಗೆ ಗಂಜಿಯಾಗುವ ಹೊತ್ತಿಗೆ ಕುಚ್ಚಲಕ್ಕಿ ಇನ್ನೂ ಕಲ್ಲು. ಮಳೆ ಶುರುವಾದ ಮೇಲೆ ಹುಳವೂ ಬಿತ್ತು. ಕೊನೆಗೆ ಕೋಳಿ ಸಾಕುವ ಒಬ್ಬರು ಮುನ್ನೂರು ಚಿಲ್ಲರೆಗೆ ಕೊಂಡುಹೋದರು. ಈಗ ಸ್ತ್ರೀ ಸೇವಾ ಸಂಘದವರು ಕುಚ್ಚಲಕ್ಕಿ ಮಾತ್ರ ತೆಗೆದುಕೊಳ್ಳುತ್ತಾರೆ. ಚೆನ್ನಾಗಿ ನಡೆಯುತ್ತಿದೆ, ಆದರೆ ಅದು ಅವರ ಕೆಲಸ, ನಾನು ಹೆಸರು ಹೊಡೆದುಕೊಳ್ಳುವುದಿಲ್ಲ.

ಬೆಳೆ ಹಬ್ಬದಲ್ಲಿ ಮನೆಗಳಿಂದ ಬಂದ ಕಾಣಿಕೆಗಳನ್ನು ಏಲಂ ಹಾಕಿದ ಹಣವನ್ನು ಇದಕ್ಕೆ ತಿರುಗಿಸಿ ನೋಡಿದ್ದೂ ಆಯಿತು. ಏಲಮಿನಲ್ಲಿ ಗಮ್ಮತ್ತೇನೋ ಇದೆ. ಒಂದು ಊರಿನ ಹುಂಜ 3 ಸಲ ಕೈ ಬದಲಾಗಿ 6 ಸಾವಿರಕ್ಕೆ ಏರುತ್ತದೆ, ಒಂದು ಬಾಳೆಗೊನೆಗೆ ಭಾವ-ಮೈದುನ ಹಟಕ್ಕೆ ಬೀಳುತ್ತಾರೆ. ಹಣ ಮಾತ್ರ ಬರುವುದಿಲ್ಲ. ಆ ವರ್ಷ ಕೂಗಿದ್ದು 70 ಸಾವಿರದ ಹತ್ತಿರ, ಕ್ರಿಸ್ಮಸಿನ ತನಕ ಕೈಗೆ ಬಂದದ್ದು 50. ಉಳಿದ ಬಾಕಿ ಕೇಳಲು ಹೋದರೆ "ಓಡಿ ಹೋಗ್ತೇನಾ ಮಾರಾಯ್ರೇ" ಎನ್ನುತ್ತಾರೆ. ಓಡಿ ಹೋಗಿಲ್ಲ, ಇಲ್ಲೇ ಇದ್ದಾರೆ, ಬಾಕಿಯೂ ಇದೆ.

ನಮ್ಮ ಹಿರಿಯರಿಗೆ ಈ ತಲೆನೋವು ಬೇರೆ ರೂಪದಲ್ಲಿತ್ತು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದ ಮೇಲೆ ಸಭೆಗೆ ಸೇರಿದವರಲ್ಲಿ ಅನೇಕರಿಗೆ ಮನೆ-ಗದ್ದೆ ಎರಡೂ ತಪ್ಪಿತು. ಕೈಯಲ್ಲಿ ಕಾಸು ಇಟ್ಟರೆ ಎಷ್ಟು ದಿನ? ಅದಕ್ಕೇ ನೇಯ್ಗೆ, ಆಮೇಲೆ 1865ರಲ್ಲಿ ಹಂಚಿನ ಕಾರ್ಖಾನೆ. ನನ್ನ ಅಜ್ಜ ಹಂಚು ಜೋಡಿಸಿದವರೇ. ಅವರ ಕಾಲದಲ್ಲಿ ಸಹಾಯ ಬೇಕಾದವನಿಗೆ ಕೂಲಿ ಸಿಗುತ್ತಿತ್ತು, ಯಾರ ಮುಂದೂ ಕೈ ಚಾಚಬೇಕಿರಲಿಲ್ಲ. ನಮ್ಮ ಹತ್ತಿರ ಕಾರ್ಖಾನೆ ಇಲ್ಲ, ಲಕೋಟೆ ಇದೆ.

ಪದ್ಧತಿ ಇಷ್ಟೇ. ತಿಂಗಳಿಗೊಮ್ಮೆ ರೊಟ್ಟಿ-ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರಕ್ಕೆ ಒಂದು ವಾರ ಮೊದಲು ಪ್ರತಿ ಮನೆಗೆ ಒಂದೇ ತರಹದ ಕಂದು ಲಕೋಟೆ ಹೋಗುತ್ತದೆ. ಹೆಸರಿಲ್ಲ, ನಂಬರಿಲ್ಲ. ಒಳಗೆ ಒಂದು ಬಿಳಿ ಚೀಟಿ. ಹಣ ಇದ್ದವರು ಹಣ ಹಾಕಬೇಕು. ಕಷ್ಟ ಇದ್ದವರು ಚೀಟಿಯಲ್ಲಿ ಹೆಸರು, ಎಷ್ಟು, ಯಾತಕ್ಕೆ ಎಂದು ಬರೆಯಬೇಕು. ಎರಡೂ ಇಲ್ಲದವರು ಖಾಲಿ ಚೀಟಿ ಹಾಕಬೇಕು. ಆದರೆ ಲಕೋಟೆಯನ್ನು ಎಲ್ಲರೂ ಹಾಕಲೇಬೇಕು, ಸಭಾಪಾಲಕರೂ (ಪಾದ್ರಿಯವರೂ). ಎಲ್ಲರ ಕೈಯಲ್ಲೂ ಅದೇ ಲಕೋಟೆ ಇದ್ದರೆ ಹಾಕುವವನಾರು, ಕೇಳುವವನಾರು ಎಂದು ಬೆಂಚಿನ ಪಕ್ಕದವನಿಗೂ ತಿಳಿಯದು. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂಬ ಮಾತನ್ನು ಕೊಡುವವರಿಗೆ ಎಷ್ಟೋ ವರ್ಷದಿಂದ ಬೋಧಿಸಿದ್ದೇವೆ. ಪಡೆಯುವವನಿಗೂ ಅದೇ ಮರೆ ಬೇಕು ಎಂದು ನಮಗೆ ಹೊಳೆದಿರಲಿಲ್ಲ.

"ಖಾಲಿಯೇ ಬರುತ್ತದೆ, ಬರೆದಿಟ್ಟುಕೊಳ್ಳಿ" ಎಂದರು ಕಮಿಟಿಯಲ್ಲಿ. ಮೊದಲ ತಿಂಗಳು ಅವರೇ ಗೆದ್ದರು. 90ರಷ್ಟು ಲಕೋಟೆ ಬಂತು, ಅರ್ಧಕ್ಕಿಂತ ಹೆಚ್ಚು ಖಾಲಿ, ಒಂದರಲ್ಲಿ ಹಳೆಯ ಬಸ್ ಟಿಕೆಟು. ಹಣ 9 ಸಾವಿರ. ಕೇಳಿ ಬರೆದ ಚೀಟಿ ಒಂದೂ ಇಲ್ಲ. ಎರಡನೇ ತಿಂಗಳೂ ಇಲ್ಲ. ಮೂರನೇ ತಿಂಗಳು ಪೆನ್ಸಿಲಿನಲ್ಲಿ ಬರೆದ ಒಂದು ಚೀಟಿ: ಗ್ಯಾಸ್ ಸಿಲಿಂಡರ್. ಅಷ್ಟೇ. ಆ ಮನೆಯಲ್ಲಿ ಸಿಲಿಂಡರಿಗೂ ಕಷ್ಟ ಇದೆ ಎಂದು 20 ವರ್ಷ ಪಕ್ಕದ ಓಣಿಯಲ್ಲಿದ್ದ ನನಗೆ ಗೊತ್ತಿರಲಿಲ್ಲ. ಎರಡು ದಿನದಲ್ಲಿ ತಲುಪಿತು, ಒಂದು ಪಿಸುಮಾತೂ ಹೊರಬರಲಿಲ್ಲ. ಮುಂದಿನ ತಿಂಗಳು 4 ಚೀಟಿ. ಈಗ ತಿಂಗಳಿಗೆ 30-35 ಸಾವಿರ ಬರುತ್ತದೆ, 6-7 ಚೀಟಿ ಇರುತ್ತದೆ.

ತೆರೆಯುವವರು ಯಾರು ಎಂಬುದೇ ದೊಡ್ಡ ಜಗಳ. ಹಿರಿಯರು ತಾವೇ ಎಂದರು. ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗೆದೆ. ಆದಿಸಭೆಯಲ್ಲೇ ಹಂಚುವ ವಿಷಯಕ್ಕೆ ಗುಣುಗುಟ್ಟುವಿಕೆ ಎದ್ದಿತ್ತು, ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಪಾಲು ಸರಿಯಾಗಿ ಸಿಗುತ್ತಿರಲಿಲ್ಲ. ಆಗ ಆರಿಸಿದ 7 ಜನರ ಹೆಸರು ನೋಡಿ, ಏಳೂ ಗ್ರೀಕ್ ಹೆಸರೇ. ದೂರು ಯಾರದೋ ಅವರ ಕಡೆಯವರ ಕೈಗೇ ಹಂಚುವ ಕೆಲಸ ಹೋಯಿತು ಎಂದು ನಾನು ಓದಿಕೊಂಡೆ. ಇದರ ಮೇಲೆ ಅರ್ಧ ಗಂಟೆ ವಾದ ಮಾಡಿದೆ, ಗೆದ್ದೆ. ಈಗ ತೆರೆಯುವವರು ಇಬ್ಬರು. ನಾನು, ಮತ್ತು ಹಿಂದೆ ಸಭೆಯಿಂದ ಸಹಾಯ ಪಡೆದಿದ್ದ ಒಬ್ಬ ಅಕ್ಕ. ಚೀಟಿ ಬರೆಯಲೂ ಸಂಕೋಚಪಡುವ ಮನೆ ಯಾವುದು ಎಂದು ಅವರು ಖಾಲಿ ಲಕೋಟೆ ನೋಡಿಯೇ ಹೇಳುತ್ತಾರೆ. ಹೇಗೆ ಎಂದು ನನಗೂ ತಿಳಿಯಲು ಒಂದು ವರ್ಷ ಬೇಕಾಯಿತು. ಇಲ್ಲಿ ಬರೆಯಲಾರೆ, ಬರೆದರೆ ಮುಂದಿನ ತಿಂಗಳಿಂದ ಆ ಉಪಾಯ ನಡೆಯದು. ಹಣ ಯಾರ ಕೈಯಿಂದ ಮನೆ ಸೇರುತ್ತದೆ ಎಂಬುದನ್ನೂ ಬರೆಯುವುದಿಲ್ಲ. ಸಭಾಪಾಲಕರ ಸ್ಕೂಟರಿನಲ್ಲಂತೂ ಅಲ್ಲ, ಅದು ಒಂದು ಗೇಟಿನ ಮುಂದೆ ನಿಂತರೆ ಇಡೀ ಊರಿಗೆ ಸುದ್ದಿ.

ಆಡಿಟರು ಒಪ್ಪಲಿಲ್ಲ. ಹೆಸರಿಲ್ಲದ ವೋಚರು ಹೇಗೆ ಪಾಸು ಮಾಡುವುದು ಎಂದರು, ಅವರ ತಪ್ಪಲ್ಲ. ವೋಚರಿನಲ್ಲಿ ಕ್ರಮಸಂಖ್ಯೆ, ಮೊತ್ತ, ನಮ್ಮಿಬ್ಬರ ಸಹಿ ಇರುತ್ತದೆ. ಕ್ರಮಸಂಖ್ಯೆಗೆ ಹೆಸರು ಹೊಂದಿಸುವ ಪುಸ್ತಕ ಮೊಹರು ಮಾಡಿ ಸಭಾಪಾಲಕರ ಕಪಾಟಿನಲ್ಲಿ. ಆಡಿಟರು ಬೇಕಾದರೆ ಅವರೊಬ್ಬರೇ ಅಲ್ಲೇ ಕೂತು ನೋಡಬಹುದು. ಮೊದಲ ವರ್ಷ ನೋಡಿದರು, ಆಮೇಲೆ ಕೇಳಿಲ್ಲ.

ಯುಪಿಐ ಬೇಕೆಂದು ಹುಡುಗರ ಗಲಾಟೆ. 2020ರ ಲಾಕ್‌ಡೌನಿನಲ್ಲಿ ದೇವಾಲಯದ ಬಾಗಿಲು ಮುಚ್ಚಿದಾಗ ಕಾಣಿಕೆಗೆ ಕ್ಯೂಆರ್ ಅಂಟಿಸಿದವನು ನಾನೇ, ಅದಕ್ಕೆ ವಿರೋಧವಿಲ್ಲ. ಈ ನಿಧಿಗೂ 3 ತಿಂಗಳು ಇಟ್ಟು ನೋಡಿದೆ. ಹಣ ಏರಿತು. ಆದರೆ ಸ್ಟೇಟ್‌ಮೆಂಟ್ ತೆಗೆದರೆ ಪ್ರತಿ ಹೆಸರೂ ಎದುರಿಗೆ, 10 ರೂಪಾಯಿ ಹಾಕಿದ ಅಜ್ಜಿಯ ಮೊಮ್ಮಗನದೂ. ಒಂದಿಬ್ಬರು ಸ್ಕ್ರೀನ್‌ಶಾಟನ್ನು ಯುವಜನರ ವಾಟ್ಸಾಪ್ ಗುಂಪಿಗೆ ಹಾಕಿಕೊಂಡರು. ಕ್ಯೂಆರ್ ಕಿತ್ತೆ. ಕುವೈತ್, ದುಬೈಯಲ್ಲಿರುವವರು ತಮ್ಮ ಮನೆಯವರಿಗೆ ಕಳಿಸುತ್ತಾರೆ, ಅವರು ನೋಟು ಮಾಡಿ ಲಕೋಟೆಗೆ ಹಾಕುತ್ತಾರೆ.

ಎರಡು ಕಟ್ಟುನಿಟ್ಟು ಇದೆ. ಬಂದ ಹಣ ಮುಂದಿನ ಕರ್ತನ ಭೋಜನದೊಳಗೆ ಖಾಲಿಯಾಗಬೇಕು, ಎಫ್‌ಡಿ ಎಂಬ ಮಾತೇ ಇಲ್ಲ. ಹಳೆಯ ಎಫ್‌ಡಿಯನ್ನೂ ಮುರಿಸಿದೆ, ಅದಕ್ಕೆ ಆದ ಜಗಳ ಬೇರೆ ಕಥೆ. ಎರಡನೆಯದು, 5 ಸಾವಿರದ ಮೇಲೆ ಕೇಳಿದರೆ ಹಣ ಕೈಗೆ ಕೊಡದೆ ಆಸ್ಪತ್ರೆ, ಮೆಡಿಕಲ್ ಶಾಪು, ಕಾಲೇಜಿಗೆ ನೇರ ಕಟ್ಟುವುದು. ಈ ನಿಯಮ ಬಂದದ್ದು ಒಂದು ಏಟು ತಿಂದ ಮೇಲೆ. ಆಪರೇಷನ್ ಎಂದು 12 ಸಾವಿರ ಪಡೆದವರ ಮನೆಗೆ ಮುಂದಿನ ವಾರ ಹೊಸ ಟಿವಿ ಬಂತು. 4 ವರ್ಷದಲ್ಲಿ ಇಂಥ ಮೋಸ ಎರಡೇ. ನಾನು ಕೆಲಸ ಮಾಡಿದ ಕಡೆ ಜಾಮೀನು ಇಟ್ಟುಕೊಂಡೂ ಇದಕ್ಕಿಂತ ಹೆಚ್ಚು ಮುಳುಗುತ್ತಿತ್ತು.

ಹಿಂದಿರುಗಿಸಿ ಎಂದು ನಾವು ಕೇಳುವುದಿಲ್ಲ. ಆದರೂ ಆಗಾಗ "ವಾಪಸು" ಎಂದು ಬರೆದ ಚೀಟಿಯ ಜೊತೆ ನೋಟು ಇರುತ್ತದೆ. ಲೆಕ್ಕ ಸರಿಯಾಗಿ ಇಟ್ಟಿಲ್ಲ, ಒಟ್ಟು ಲಕ್ಷದ ಹತ್ತಿರ ಆಗಿರಬಹುದು.

ಕಳೆದ ವರ್ಷ ಒಂದು ಚೀಟಿಯಲ್ಲಿ "ನನಗಲ್ಲ, ಪಕ್ಕದ ಮನೆಯ ಬ್ಯಾರಿ ಹುಡುಗನ ಫೀಸಿಗೆ" ಎಂದಿತ್ತು. ಬ್ಯಾರಿ ಎಂದರೆ ನಮ್ಮ ಕರಾವಳಿಯ ಮುಸ್ಲಿಮರು. ನಿಯಮದಲ್ಲಿ ಇಲ್ಲದ್ದೆಂದು ಕಮಿಟಿಗೆ ಒಯ್ದೆ, ಹೆಸರು ಹೇಳದೆ. ನಮ್ಮವರಿಗೇ ಸಾಲದಿರುವಾಗ ಹೊರಗಿನವರಿಗೆ ಯಾಕೆ ಎಂದು ಒಬ್ಬರು ಎದ್ದರು. ಪರಜನಾಂಗದವನೊಬ್ಬ ಗಾಯಗೊಂಡವನಿಗೆ ನೆರವಾದ ಕಥೆ, ಒಳ್ಳೆಯ ಸಮಾರ್ಯದವನ ಪಾಠ, ಹಿಂದಿನ ಭಾನುವಾರ ಓದಿದವರು ಅವರೇ. ಯಾರೋ ಅದನ್ನು ನೆನಪಿಸಿದರು, ಎಲ್ಲರೂ ನಕ್ಕರು, ಅವರೂ ನಕ್ಕರು. ತಿಂಗಳ ಹಣದಲ್ಲಿ ಕಾಲು ಪಾಲು ಹೊರಗಿನವರಿಗೆ ಆಗಬಹುದು ಎಂದು ತೀರ್ಮಾನವಾಯಿತು.

ಶುರು ಮಾಡುವವರಿಗೆ ಒಂದೇ ಮಾತು, ಅಂಟು ಹಚ್ಚಿ ಬರುವ ಲಕೋಟೆ ಕೊಳ್ಳಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಕಟ್ಟಿನಲ್ಲಿ ಇದ್ದಲ್ಲೇ ಮುಚ್ಚಿಕೊಳ್ಳುತ್ತವೆ. ಮೊದಲ ಜೂನಿನಲ್ಲಿ 200 ಲಕೋಟೆ ಹಾಗೆ ಹಾಳಾಯಿತು. ಸಾದಾ ಲಕೋಟೆ ತಂದು ಸ್ಟೇಪ್ಲರ್ ಹೊಡೆಯಿರಿ.