ಹಿಟ್ಟೈಟ್ ಕ್ರಿಯಾಪದ ನಾನು ಕಲ್ತಿದ್ದು ಹಿಂಗೆ: ಹಂತಿ, ಘ್ನಂತಿ, ಕ್ವೆಂತ್ಸಿ, ಕುನಂತ್ಸಿ

ಹಿಟ್ಟೈಟ್ ಅಂದ್ರೆ ಈಗಿನ ಟರ್ಕಿ ಕಡೆಯ ಪುರಾತನ ಭಾಷೆ, ಸಂಸ್ಕೃತದ ದೂರದ ನೆಂಟ. ಅದನ್ನ ನಾನು 'ಕೊಲ್ಲು' ಅನ್ನೋ ಧಾತುವಿಂದ ಶುರು ಮಾಡ್ದೆ. ಕಾರಣ ಸಂಸ್ಕೃತ. ಹಂತಿ, ಹತಃ, ಘ್ನಂತಿ (ಒಬ್ಬ, ಇಬ್ಬರು, ಹಲವರು ಕೊಲ್ತಾರೆ) ಅಂತ ಬಾಯಿಪಾಠ ಮಾಡಿದ್ದೆ, ಏಕವಚನದಲ್ಲಿ ಹ ಇದ್ದಿದ್ದು ಬಹುವಚನಕ್ಕೆ ಬಂದ ತಕ್ಷಣ ಘ ಆಗತ್ತೆ, ಅದಕ್ಕೆ ಪಾಣಿನಿ ಸೂತ್ರಾನೂ ಇದೆ (7.3.54), ಆದ್ರೆ ಸೂತ್ರ ಹಿಂಗಾಗತ್ತೆ ಅನ್ನತ್ತೆ ಅಷ್ಟೇ, ಯಾಕೆ ಅಂತ ಹೇಳಲ್ಲ.

ಟರ್ಕಿಯ ಹತ್ತುಶಾದಲ್ಲಿ (ಹಿಟ್ಟೈಟರ ರಾಜಧಾನಿ) ಸಿಕ್ಕಿರೋ ಮಣ್ಣಿನ ಫಲಕಗಳಲ್ಲಿ ಇದೇ ಧಾತು ಏಕವಚನದಲ್ಲಿ ಕು-ಎನ್-ತ್ಸಿ (ಓದೋದು ಕ್ವೆಂತ್ಸಿ), ಬಹುವಚನದಲ್ಲಿ ಕು-ನ-ಅನ್-ತ್ಸಿ (ಕುನಂತ್ಸಿ). ನೋಟ್‌ಬುಕ್ಕಲ್ಲಿ ಎರಡು ಕಾಲಮ್ ಹಾಕಿ ಪಕ್ಕಪಕ್ಕ ಬರ್ಕೊಂಡೆ. ಎರಡು ಭಾಷೆಗೂ ತಾಯಿಯಾದ ಭಾಷೆಯ ಮೂಲ ಧಾತು 'ಘ್ವೆನ್' ಅಂತ ಇಟ್ಕೊಳ್ಳಿ. ಏಕವಚನದಲ್ಲಿ ಒತ್ತು (ಉಚ್ಚಾರದ ಬಲ) ಧಾತು ಮೇಲೆ, ಎಕಾರ ಉಳಿಯತ್ತೆ. ಬಹುವಚನದಲ್ಲಿ ಒತ್ತು ಪ್ರತ್ಯಯಕ್ಕೆ ಜಾರತ್ತೆ, ಎಕಾರ ಬಿದ್ದೋಗತ್ತೆ. ನಮ್ ಸಂಸ್ಕೃತದ ಕಡೆ ಆ ಎಕಾರ ಹಿಂದಿನ ಘಕಾರನ ಮೆತ್ತಗೆ ಮಾಡಿ ಝ ಥರ ಮಾಡ್ತು, ಅದು ಆಮೇಲೆ ಹ ಆಯ್ತು, ಅಷ್ಟೊತ್ತಿಗೆ ಎಕಾರಾನೂ ಅಕಾರ ಆಗಿ ಸಾಕ್ಷಿ ಅಳಿಸಿಹೋಯ್ತು. ಎಕಾರ ಇಲ್ಲದ ಘ್ನಂತಿಯಲ್ಲಿ ಘ ಹಂಗೇ ಉಳೀತು. ಹಿಟ್ಟೈಟಲ್ಲಿ ಈ ಗಲಾಟೆ ಇಲ್ಲ, ಎರಡು ಕಡೇನೂ 'ಕು', ಒಳಗಿನ ಎಕಾರ ಕಣ್ಣಿಗೆ ಕಾಣತ್ತೆ. (ಶತ್ರುಘ್ನ, ಕೃತಘ್ನ, ವಿಘ್ನ, ಹತ್ಯೆ ಎಲ್ಲಾ ಇದೇ ಮನೆಯವ್ರು.)

ಕೊನೆಯ ತ್ಸಿ ನೋಡಿ ಗಾಬರಿ ಬೀಳ್ಬೇಡಿ, ಅದು ನಮ್ ತಿ ನೇ. ತಕಾರ ಆದ್ಮೇಲೆ ಇಕಾರ ಬಂದ್ರೆ ತ ಹೋಗಿ ತ್ಸ ಆಗತ್ತೆ, ಅಸ್ತಿಗೆ ಎಸ್ತ್ಸಿ ಅಂತಾರೆ. ಸರಿನಾ ಅಂತ ಚೆಕ್ ಮಾಡೋಕೆ ಆಜ್ಞಾರ್ಥ ತಗೊಂಡೆ: ಹಂತುಗೆ ಕುಎನ್ದು, ಘ್ನಂತುಗೆ ಕುನನ್ದು. ಇಲ್ಲಿ ಇಕಾರ ಇಲ್ಲ, ತ್ಸ ಬಂದೇ ಇಲ್ಲ. ನಂಗೆ ಧೈರ್ಯ ಬಂದಿದ್ದು ಇಲ್ಲೇ. ಉತ್ತಮ ಪುರುಷದಲ್ಲಿ ಹನ್ಮಿ ಬದ್ಲು ಕುಎಮಿ, ನಕಾರ ಮಾಯ, ಅದನ್ನೂ ನೆನಪಿಟ್ಕೊಳ್ಳಿ.

ಭೂತಕಾಲ ಕಲಿಯೋಕೆ ಇಲ್ಲುಯಂಕ ಅನ್ನೋ ಸರ್ಪದ ಕಥೆ ಓದಿ, ಹಿಟ್ಟೈಟರ ಪುರುಲ್ಲಿ ಹಬ್ಬದ ಕಥೆ ಅದು, ಸಿಡಿಲಿನ ದೇವರು ಹಾವನ್ನ ಕೊಲ್ತಾನೆ: 'ಇಲ್ಲುಯಂಕನ್ ಕುಎನ್ತ'. ಋಗ್ವೇದ 1.32ರಲ್ಲಿ ಇಂದ್ರ ವೃತ್ರನ್ನ ಕೊಂದಾಗ 'ಅಹನ್ ಅಹಿಂ' (ಹಾವನ್ನ ಕೊಂದ). ಧಾತು ಒಂದೇ, ಸಾಯೋದೂ ಹಾವೇ. ವ್ಯತ್ಯಾಸ ಏನಂದ್ರೆ ಹಿಟ್ಟೈಟಲ್ಲಿ ಭೂತಕಾಲಕ್ಕೆ ಪದದ ಶುರುಗೆ ಅಕಾರ ಸೇರಿಸಲ್ಲ, ನಾವು ಬಿಟ್ಟಿರೋ ಕೊನೆಯ ತಕಾರ ಅವ್ರು ಇಟ್ಕೊಂಡಿದಾರೆ. ಜೊತೆಗೆ ವಾಕ್ಯದ ಮೊದಲ ಪದಕ್ಕೆ 'ಕನ್' ಅಂತ ಪುಟ್ಟ ಅವ್ಯಯ ಅಂಟ್ಕೊಂಡಿರತ್ತೆ, ಕೊಲ್ಲು ಅನ್ನೋ ಅರ್ಥ ಇದ್ದಾಗ ಅದು ಜೊತೇಲೇ ಬರತ್ತೆ ಅಂತ ಲೆಕ್ಕ, ಹಾಗಾಗಿ ಕ್ರಿಯಾಪದ ನೋಡೋಕೆ ಮುಂಚೆ ವಾಕ್ಯದ ತಲೆ ನೋಡೋ ಅಭ್ಯಾಸ ಮಾಡ್ಕೊಂಡೆ.

ಹಿಟ್ಟೈಟಲ್ಲಿ ಕಾಲಗಳು ಬರೀ ಎರಡು, ವರ್ತಮಾನಾನೇ ಭವಿಷ್ಯತ್ತೂ ಆಗತ್ತೆ, ಸಂಸ್ಕೃತದ ದಶ ಲಕಾರ (ಕ್ರಿಯಾಪದದ ಹತ್ತು ಬಗೆ ರೂಪ) ಓದಿದೋರಿಗೆ ಇದು ರಜಾ ಸಿಕ್ಕಂಗೆ. ಆದ್ರೆ ಈ ಉಪಾಯ ನಡೆಯೋದು ಮಿ, ಸಿ, ತ್ಸಿ ಗುಂಪಿಗೆ ಮಾತ್ರ. ಇನ್ನೊಂದು ಗುಂಪಿದೆ, ದಾಹ್ಹಿ, ದಾತ್ತಿ, ದಾಯ್ ಅಂತ, ಅರ್ಥ 'ತಗೋ'. ಧಾತು ನಮ್ 'ಕೊಡು' ಅರ್ಥದ ದಾ ನೇ ಅಂದ್ರೆ ನಂಬ್ತೀರಾ. ಅದರ ಪ್ರತ್ಯಯಗಳು ಸಂಸ್ಕೃತದ ವೇದ (ನಾನು ಬಲ್ಲೆ), ವೇತ್ಥ (ನೀನು ಬಲ್ಲೆ) ಥರದ ರೂಪಗಳಿಗೆ ಹತ್ರ ಕಾಣತ್ತೆ, ಆದ್ರೆ ಹೆಂಗೆ ಹುಟ್ಟಿದ್ವು ಅಂತ ವಿದ್ವಾಂಸರೇ ಇನ್ನೂ ಜಗಳ ಆಡ್ತಿದಾರೆ, ಅದಕ್ಕೆ ಆ ಗುಂಪನ್ನ ನಾನು ಯಾವ ಹೋಲಿಕೆನೂ ಇಲ್ದೆ ಮಗ್ಗಿ ಥರ ಬಾಯಿಪಾಠ ಹೊಡೀತಿದೀನಿ.