67ರಿಂದ 100ಕ್ಕೆ: ಎಸ್‌ಟಿಆರ್ ನಾವೇ ಮಾಡಿಕೊಂಡ ಅನುಭವ

ಲ್ಯಾಬಿನಲ್ಲಿ ಬೆಳೆಸುವ ಸೆಲ್ ಲೈನ್ ನಿಜಕ್ಕೂ ಯಾವುದು ಅಂತ ಡಿಎನ್‌ಎಯಿಂದ ಗುರುತಿಸುವ ಪರೀಕ್ಷೆ ಎಸ್‌ಟಿಆರ್: ಡಿಎನ್‌ಎಯ ಕೆಲವು ಗೊತ್ತಾದ ಜಾಗಗಳಲ್ಲಿ (ಮಾರ್ಕರ್) ಒಂದು ಚಿಕ್ಕ ತುಣುಕು ಎಷ್ಟು ಸಲ ಮರುಕಳಿಸುತ್ತೆ (ರಿಪೀಟ್) ಅಂತ ಎಣಿಸುವುದು. ನಮ್ಮ ನೈಟ್ರೋಜನ್ ಡಬ್ಬಿಯಲ್ಲಿ ಐಎನ್‌ಟಿ-407 ಅಂತ ಬರೆದ ಐದಾರು ವಯಲ್ ಇದ್ದವು. ಯಾರು, ಎಲ್ಲಿಂದ ತಂದರೋ ಗೊತ್ತಿಲ್ಲ. ಕರುಳಿನ ಸೆಲ್ ಅಂತ ಜೂನಿಯರ್ ಒಬ್ಬಳು ಅದರ ಮೇಲೆ ಎಂಟು ತಿಂಗಳು ದುಡಿದಿದ್ದಳು. ಸೆಲ್ ಲೈನ್‌ಗಳ ಡೇಟಾಬೇಸ್ ಸೆಲ್ಲೋಸಾರಸ್‌ನಲ್ಲಿ ಆ ಹೆಸರು ಹಾಕಿ ನೋಡಿ, ಎದುರಿಗೇ ಬರುತ್ತೆ: ಇದು ಹೀಲಾ, ಅಂದರೆ ಬೇರೆ ಲೈನ್‌ಗಳಿಗೆ ನುಗ್ಗುವುದಕ್ಕೆ ಹೆಸರಾದ ಗರ್ಭಕಂಠದ ಕ್ಯಾನ್ಸರ್ ಸೆಲ್. ತಪ್ಪು ಹೆಸರಿನ ಲೈನ್‌ಗಳ ಐಕ್ಲಾಕ್ ಪಟ್ಟಿಯಲ್ಲೂ ಅದೇ. ಸರ್ ಒಪ್ಪಲಿಲ್ಲ. 'ಬೇರೆಯವರದ್ದು ಹಾಗಿರಬಹುದು, ನಮ್ಮದು ಸರಿಯಾಗೇ ಇದೆ, ಮೈಕ್ರೋಸ್ಕೋಪಲ್ಲಿ ನೋಡು' ಅಂದರು.

ಎಸ್‌ಟಿಆರ್ ಹೊರಗೆ ಮಾಡಿಸಿದರೆ ಸ್ಯಾಂಪಲ್‌ಗೆ ಹೆಚ್ಚೂಕಡಿಮೆ ಎಂಟು ಸಾವಿರ. ನಮ್ಮ ಹತ್ತಿರ 22 ಲೈನ್. ಡಿಎನ್‌ಎ ತುಂಡುಗಳ ಉದ್ದ ಅಳೆಯುವ ಕ್ಯಾಪಿಲರಿ ಯಂತ್ರ ಕ್ಯಾಂಪಸ್ಸಿನಲ್ಲೇ ಇದೆಯಲ್ವಾ, ಡೈ ಹಾಕಿದ ಪ್ರೈಮರ್ (ಮಾರ್ಕರ್ ಜಾಗ ಹಿಡಿದು ನಕಲು ಶುರುಮಾಡುವ ಡಿಎನ್‌ಎ ಚೂರು) ಕೊಂಡು ನಾವೇ ಮಾಡೋಣ ಅಂದೆ. ಪ್ರೈಮರ್‌ಗೇ ನಲವತ್ತು ಸಾವಿರ ಹೋಯಿತು. ಆ ಬಿಲ್ಲಿನ ಮೇಲೆ ಸರ್ ಸಹಿ ಹಾಕಿದ ಮುಖ ಇನ್ನೂ ನೆನಪಿದೆ. ಯಂತ್ರದಲ್ಲಿ ಬರುವ ಯಾವ ಪೀಕ್ (ಗೆರೆಯ ಉಬ್ಬು) ಎಷ್ಟು ರಿಪೀಟ್ ಅಂತ ಹೇಳುವ ಅಳತೆಗೋಲು ಅಲೀಲ್ ಲ್ಯಾಡರ್. ಜಿಪುಣತನಕ್ಕೆ ಅದನ್ನು ಕೊಳ್ಳಲಿಲ್ಲ. ಅಲ್ಲೇ ಎಡವಿದ್ದು.

ಎಂಟು ಮಾರ್ಕರ್‌ಗಳ ನಂಬರ್ ಸೆಲ್ಲೋಸಾರಸ್‌ನ ಹೋಲಿಕೆ ಸಾಧನ ಕ್ಲಾಸ್ಟರ್‌ಗೆ ಹಾಕಿದರೆ ಹೀಲಾ ಜೊತೆ ಹೊಂದಿಕೆ ಬರೀ ಶೇಕಡಾ 67. ಒಂದೇ ಲೈನ್ ಅನ್ನಲು ಬೇಕಾದ 80 ಕೂಡ ದಾಟದಿದ್ದರೆ ಯಾರು ಕೇಳುತ್ತಾರೆ? ಲ್ಯಾಬಿನಲ್ಲಿ ಎಲ್ಲರೂ ನಕ್ಕರು. ಮೂರು ವಾರ ತಲೆ ಚಚ್ಚಿಕೊಂಡೆ. ಕೊನೆಗೆ ಖಾತ್ರಿ ಇದ್ದ ಒಂದು ಹೀಲಾ, ಇನ್ನೊಂದು ಬೇರೆ ಲೈನ್ ಪಕ್ಕದಲ್ಲೇ ಓಡಿಸಿದೆ. ಡಿ7ಎಸ್820 ಅನ್ನುವ ಮಾರ್ಕರ್ ಒಂದು ರಿಪೀಟ್ ಮೇಲಕ್ಕೆ, ವಿಡಬ್ಲ್ಯೂಎ ಅನ್ನುವುದು ಒಂದು ಕೆಳಕ್ಕೆ ಜರುಗಿದ್ದವು. ಸರಿ ಮಾಡಿದೆ, 93 ಆಯಿತು. ಉಳಿದಿದ್ದು ಡಿ13ಎಸ್317. ಎಲ್ಲೂ ಕೂರದ ಒಂದು ಪೀಕನ್ನು ನಾನೇ ಸುಮ್ನೆ 14 ಅಂತ ಬರೆದಿದ್ದೆ. 14ಕ್ಕಿಂತ ಒಂದೇ ಬೇಸ್ (ಡಿಎನ್‌ಎಯ ಒಂದು ಅಕ್ಷರ) ಕಡಿಮೆ ಅದು, ಅಂದರೆ 13.3: 13 ರಿಪೀಟ್, ಮೇಲೆ 3 ಬೇಸ್. ಖಾತ್ರಿ ಹೀಲಾದಲ್ಲೂ ಪೀಕ್ ಅದೇ ಜಾಗದಲ್ಲಿತ್ತು. ತಿದ್ದಿದೆ, 100! ಪ್ರಿಂಟ್ ತೆಗೆದು ಸರ್ ಮೇಜಿನ ಮೇಲಿಟ್ಟೆ. ಅವರು ಏನೂ ಅನ್ನಲಿಲ್ಲ. ಜೂನಿಯರ್ ಮಾತ್ರ ಅವತ್ತು ಊಟ ಮಾಡಲಿಲ್ಲ, ಪಾಪ.

ಈಗ ಸ್ಯಾಂಪಲ್‌ಗೆ ಸಾವಿರದ ಇನ್ನೂರು ಬೀಳಬಹುದು. ಸೆಲ್ ಹನಿಯನ್ನು ಡಿಎನ್‌ಎ ಹಿಡಿದಿಡುವ ಎಫ್‌ಟಿಎ ಕಾಗದದ ಕಾರ್ಡಿನ ಮೇಲೆ ಒಣಗಿಸಿಟ್ಟರೆ ಡಿಎನ್‌ಎ ತೆಗೆಯುವ ಗೋಳಿಲ್ಲ. ಎಂಟೂ ಮಾರ್ಕರ್ ಒಂದೇ ಟ್ಯೂಬಿನಲ್ಲಿ ಸಮನಾಗಿ ಬರುವಂತೆ ಪ್ರೈಮರ್ ಅಳತೆ ಹೊಂದಿಸಿಕೊಂಡಿದ್ದೇನೆ, ಅದನ್ನು ಮಾತ್ರ ಇಲ್ಲಿ ಬರೆಯಲ್ಲ.

ಕುತೂಹಲಕ್ಕೆ ಶ್ವಾಸಕೋಶದ ಎ549 ಸೆಲ್ ಜೊತೆ ಹೀಲಾ ಬೆರೆಸಿಯೂ ನೋಡಿದೆ. ಹತ್ತರಲ್ಲಿ ಒಂದು ಪಾಲಿದ್ದರೆ ಹೀಲಾದ ಸಣ್ಣ ಪೀಕ್ ಕಂಡಿತು. ಐವತ್ತರಲ್ಲಿ ಒಂದಕ್ಕೆ ಏನೂ ಇಲ್ಲ. ಹಾಗಾಗಿ ಪೀಕ್ ಇಲ್ಲ ಅಂದ ಮಾತ್ರಕ್ಕೆ ಬೆರಕೆಯೇ ಇಲ್ಲ ಅಂತ ನಾನು ಬರೆದುಕೊಡುವುದಿಲ್ಲ.

ಇನ್ನೊಂದು ವಯಲ್‌ನಲ್ಲಿ ಪೀಕೇ ಬರಲಿಲ್ಲ. ಎರಡು ದಿನ ಡಿಎನ್‌ಎ ನಕಲು ಮಾಡುವ ಕಿಣ್ವ ಪಾಲಿಮರೇಸನ್ನು ಬೈದೆ. ಆಮೇಲೆ ಲೇಬಲ್ ಉಜ್ಜಿ ಓದಿದರೆ ಎಲ್929. ಇಲಿಯ ಸೆಲ್! ನಮ್ಮ ಪ್ರೈಮರ್ ಹಿಡಿಯುವುದು ಮನುಷ್ಯರ ಡಿಎನ್‌ಎ.