ಎಡಗಡೆ ಇಂಡಿಕೇಟರ್ ಮಾತ್ರ ಯಾಕೆ ಓಡುತ್ತಿತ್ತು?

ನಮ್ಮದು 2003ರ ಮಾರುತಿ 800. ಅಪ್ಪ ತೆಗೆದುಕೊಂಡ ಗಾಡಿ. ಇಪ್ಪತ್ತು ವರ್ಷ ನಮ್ಮೂರು ಸಾಗರದ ಮಳೆ ಕಂಡಿದೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಎಡಗಡೆ ಇಂಡಿಕೇಟರ್ ಹಾಕಿದರೆ ಟಕಟಕಟಕ ಅಂತ ಓಡಲು ಶುರುವಾಯಿತು. ಬಲಗಡೆ ಮಾತ್ರ ಎಂದಿನಂತೆ ನಿಧಾನವಾಗಿ ಟಿಕ್, ಟಿಕ್.

ಅಂಗಡಿಯಲ್ಲಿ "ಫ್ಲ್ಯಾಷರ್ ಹೋಗಿದೆ, ಹೊಸದು ಹಾಕಿ" ಅಂದರು. ಫ್ಲ್ಯಾಷರ್ ಅಂದರೆ ಇಂಡಿಕೇಟರನ್ನು ಮಿನುಗಿಸುವ ಪುಟ್ಟ ಡಬ್ಬಿ. ನನಗೆ ಸರಿ ಅನಿಸಲಿಲ್ಲ. ಎರಡೂ ಕಡೆಗೆ ಇರುವುದು ಒಂದೇ ಫ್ಲ್ಯಾಷರ್. ಅದೇ ಹೋಗಿದ್ದರೆ ಬಲಗಡೆಯೂ ಕೆಡಬೇಕಿತ್ತು, ಅಲ್ವಾ?

ಬಲ್ಬುಗಳು ಎಳೆಯುವ ಕರೆಂಟನ್ನು ನೋಡಿಕೊಂಡೇ ಫ್ಲ್ಯಾಷರ್ ಮಿನುಗಿಸುತ್ತದೆ. ಮುಂದೆ 21 ವ್ಯಾಟ್, ಹಿಂದೆ 21 ವ್ಯಾಟ್. ಒಂದು ಕೈಕೊಟ್ಟರೆ ಕರೆಂಟ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಮಿನುಗು ಜೋರಾಗುತ್ತದೆ. ಗಡಿಯಾರ ಹಿಡಿದು ಎಣಿಸಿದೆ. ನಿಮಿಷಕ್ಕೆ 60ರಿಂದ 120 ಇರಬೇಕಾದದ್ದು 150 ದಾಟಿತ್ತು.

ಗಾಡಿ ಸುತ್ತ ಬಂದು ನೋಡಿದರೆ ಹಿಂದಿನ ಎಡ ಬಲ್ಬ್ ಕೆಂಡ ಆರುವಾಗಿನಷ್ಟು ಮಂಕು. ಬಲಗಡೆಯ ಬಲ್ಬನ್ನೇ ತೆಗೆದು ಅಲ್ಲಿ ಹಾಕಿದೆ. ಅದೂ ಮಂಕು. ಅಲ್ಲಿಗೆ ಬಲ್ಬಿನದಲ್ಲ ಅಂತಾಯಿತು. ಇಂಡಿಕೇಟರ್ ಹಾಕಿಕೊಂಡೇ ಮಗನಿಗೆ ಬ್ರೇಕ್ ಒತ್ತಲು ಹೇಳಿದೆ. ಆ ಕಡೆಯ ಬ್ರೇಕ್ ಲೈಟೂ ಇಂಡಿಕೇಟರ್ ಜೊತೆ ತೂಗಾಡತೊಡಗಿತು! ಎರಡಕ್ಕೂ ಅರ್ತ್, ಅಂದರೆ ಗಾಡಿಯ ಬಾಡಿ ಮೂಲಕ ಕರೆಂಟ್ ಬ್ಯಾಟರಿಗೆ ವಾಪಸ್ಸಾಗುವ ದಾರಿ, ಒಂದೇ. ಅರ್ತ್ ಸರಿಯಿಲ್ಲದಾಗ ಕರೆಂಟ್ ಅಡ್ಡದಾರಿ ಹುಡುಕುತ್ತದೆ.

ಒಂದು ತುಂಡು ವೈರ್ ತೆಗೆದುಕೊಂಡು, ಹೋಲ್ಡರಿನ ಅರ್ತಿನಿಂದ ಬಾಡಿಯ ಶುಭ್ರ ಲೋಹಕ್ಕೆ ಮುಟ್ಟಿಸಿದೆ. ಬಲ್ಬ್ ಫಳ್ಳನೆ ಉರಿಯಿತು. ಆ ಖುಷಿ ಹೇಳತೀರದು.

ಡಿಕ್ಕಿಯ ಮ್ಯಾಟ್ ಎತ್ತಿ ಅರ್ತ್ ವೈರಿನ ಜಾಡು ಹಿಡಿದೆ. ಬಾಡಿಗೆ ಸ್ಕ್ರೂ ಹಾಕಿದ್ದ ಕಡೆ ಕೆಂಪು ತುಕ್ಕು ಹಪ್ಪಳದಂತೆ ಎದ್ದಿತ್ತು. ಬ್ಯಾಟರಿ ನೆಗೆಟಿವ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಪ್ಪು ಕಾಗದದಿಂದ ಉಜ್ಜಿದೆ. ವೈರಿನ ತುದಿಯ ರಿಂಗನ್ನೂ ಉಜ್ಜಿ, ಹೊಸ ಸ್ಕ್ರೂ ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿದೆ. ಮೊದಲೇ ಸವರಿದರೆ ಸುಮ್ನೆ ಲೋಹದ ನಡುವೆ ಸೇರಿಕೊಳ್ಳುತ್ತದೆ, ಬಿಗಿ ಮಾಡಿದ ಮೇಲೆ ಸವರುವುದು ಒಳ್ಳೆಯದು.

ಮತ್ತೆ ಎಣಿಸಿದೆ. ನಿಮಿಷಕ್ಕೆ 84. ಬಲಗಡೆಯೂ ಅಷ್ಟೇ. ಸಂಜೆ ಮಂಜಿನಲ್ಲಿ ಜೋಗದ ರಸ್ತೆಗೆ ಎಡಕ್ಕೆ ತಿರುಗುವಾಗ, ಹಿಂದಿದ್ದ ಬಸ್ಸು ದೂರದಲ್ಲೇ ವೇಗ ಕಡಿಮೆ ಮಾಡಿತು.